ಐಸ್ ಪ್ಲಾಂಟಿನ ಫೋನ್ ಬೇರೆ ಕಂಪನಿಗೆ ಬದಲಿಸಬೇಕು, ಮೊದಲು ಕ್ಯಾನ್ಸಲ್ ಮಾಡಿಸಬೇಕಾ?

ಪ್ರಶ್ನೆ (ಐಸ್ ಪ್ಲಾಂಟ್ ಮಾಲೀಕರು, ಮಲ್ಪೆ):
ನಮಸ್ಕಾರ ಸರ್. ಪ್ಲಾಂಟಿನ ಹೆಸರಿನಲ್ಲಿ ಆರು ಪೋಸ್ಟ್‌ಪೇಯ್ಡ್ ಸಿಮ್ ಉಂಟು, ಆಫೀಸಿನಲ್ಲಿ ಒಂದು ಲ್ಯಾಂಡ್‌ಲೈನ್. ಆರ್ಡರ್ ಬರುವ ಮುಖ್ಯ ನಂಬರ್ ಮಾತ್ರ ಹಳೆಯ ರೈಟರ್ (ಲೆಕ್ಕಪತ್ರ ನೋಡುವ ಗುಮಾಸ್ತರು) ಹೆಸರಿನಲ್ಲಿದೆ. ಅವರು ಕೆಲಸ ಬಿಟ್ಟು ಮೂರು ವರ್ಷ ಆಯ್ತು, ಈಗ ಕುಂದಾಪುರದಲ್ಲಿದ್ದಾರೆ. ಪ್ಲಾಂಟಿನ ಒಳಗೆ ಸಿಗ್ನಲ್ಲೇ ಇಲ್ಲ. ರಾತ್ರಿ ಎರಡು ಗಂಟೆಗೆ ಬೋಟಿನವರು ಐಸಿಗೆ ಫೋನ್ ಮಾಡಿದರೆ ತಾಗುವುದಿಲ್ಲ, ಅವರು ಪಕ್ಕದ ಪ್ಲಾಂಟಿಗೆ ಹೋಗ್ತಾರೆ. ನಾಲ್ಕು ಸಲ ದೂರು ಕೊಟ್ಟೆ, ಏನೂ ಆಗಲಿಲ್ಲ. ಸೋಮವಾರ ಎಲ್ಲ ಕನೆಕ್ಷನ್ ಕ್ಯಾನ್ಸಲ್ ಮಾಡಿಸಿ ಬೇರೆ ಕಂಪನಿಗೆ ಹೋಗುವ ಅಂತಿದ್ದೇನೆ. ನಂಬರ್ ಮಾತ್ರ ಹೋಗಬಾರದು. ಗೋಡೆಯ ಮೇಲೆ, ಎರಡೂ ಪಿಕಪ್ ಮೇಲೆ ಅದನ್ನೇ ಬರೆಸಿದ್ದೇವೆ.

ಉತ್ತರ (ವ್ಯಾಪಾರಿ ಫೋನ್ ಸಂಪರ್ಕಗಳ ಸಲಹೆಗಾರ, ಮಂಗಳೂರು):
ದಯವಿಟ್ಟು ಸೋಮವಾರ ಕ್ಯಾನ್ಸಲ್ ಮಾಡಿಸಬೇಡಿ. ನಂಬರ್ ಚಾಲ್ತಿಯಲ್ಲಿದ್ದರೆ ಮಾತ್ರ ಪೋರ್ಟ್ ಆಗ್ತದೆ, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಲು ಆಗ್ತದೆ. ನೀವೇ ಬಂದ್ ಮಾಡಿಸಿದರೆ ಪೋರ್ಟ್ ಮಾಡಲು ಅಲ್ಲಿ ಏನೂ ಉಳಿಯುವುದಿಲ್ಲ. ಹೊಸ ಕಂಪನಿಯಲ್ಲಿ ಅರ್ಜಿ ಕೊಡಿ. ನಂಬರ್ ಆಚೆ ಹೋದ ಕ್ಷಣಕ್ಕೆ ಹಳೆಯ ಕನೆಕ್ಷನ್ ತಾನಾಗಿಯೇ ಮುಗಿಯುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ. ಹೊಸ ಕಂಪನಿಯ ಸಿಮ್ ಇರುವ ಯಾರದ್ದಾದರೂ ಫೋನ್ ತಂದು, ಐಸ್ ಕ್ಯಾನುಗಳ ಟ್ಯಾಂಕಿನ ಪಕ್ಕ ನಿಂತು ಮಾತಾಡಿ ನೋಡಿ. ದಪ್ಪ ಗೋಡೆ, ಮೇಲೆ ಶೀಟು, ಸುತ್ತ ಕಬ್ಬಿಣ ಇರುವಲ್ಲಿ ಯಾವ ಕಂಪನಿಯದ್ದಾದರೂ ಕುಂಟಬಹುದು. ಹಾಗಾದರೆ ಬದಲಿಸಿಯೂ ಫಲವಿಲ್ಲ, ಆಫೀಸಿನ ಬ್ರಾಡ್‌ಬ್ಯಾಂಡಿನಿಂದ ಒಳಗೊಂದು ವೈಫೈ ಹಾಕಿಸಿ ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಸಿಗ್ನಲ್ ಬದಲು ವೈಫೈ ಮೂಲಕ ಕರೆ) ಆನ್ ಮಾಡಿಕೊಳ್ಳಿ. ಇದನ್ನು ನೋಡದೆ ಕಂಪನಿ ಬದಲಿಸಿ ಮತ್ತೆ ಅದೇ ಗೋಳು ಹೇಳಿದವರನ್ನು ತುಂಬ ನೋಡಿದ್ದೇನೆ.

ಪ್ಲಾಂಟಿನ ಹೆಸರಿನ ಆರು ನಂಬರಿಗೆ ಲೆಟರ್‌ಹೆಡ್‌ನಲ್ಲಿ ಅಧಿಕಾರಪತ್ರ ಬೇಕು. ಒಂದೇ ಪತ್ರದಲ್ಲಿ 100 ನಂಬರ್ ವರೆಗೆ ಹಾಕಬಹುದು. ಸಹಿ, ಹಳೆಯ ಕಂಪನಿಯ ದಾಖಲೆಯಲ್ಲಿ ಯಾರದ್ದಿದೆಯೋ ಅವರದ್ದೇ ಇರಲಿ. ಬೈಕಂಪಾಡಿಯ ಒಂದು ಘಟಕದವರು ಹನ್ನೊಂದು ನಂಬರಿನ ಪತ್ರ ಕೊಟ್ಟಿದ್ದರು. ಸೀಲು ಕೊನೆಯ ಸಾಲಿನ ಮೇಲೆಯೇ ಬಿದ್ದು ಎರಡು ಅಂಕಿ ಓದಲು ಬರುತ್ತಿರಲಿಲ್ಲ. ಇಡೀ ಪತ್ರ ವಾಪಸ್ ಬಂತು, ಒಂದು ವಾರ ಹೋಯಿತು. ನಂಬರುಗಳನ್ನು ಟೈಪ್ ಮಾಡಿಸಿ, ಸೀಲು ಕೆಳಗೆ ಖಾಲಿ ಜಾಗದಲ್ಲಿ ಒತ್ತಿ. ಕಂಪನಿ ಹೆಸರಿನವಕ್ಕೆ 5 ಕೆಲಸದ ದಿನ ಹಿಡಿಯುತ್ತದೆ, ಭಾನುವಾರ, ಸರಕಾರಿ ರಜೆ ಲೆಕ್ಕಕ್ಕಿಲ್ಲ.

ಬಂದಿರುವ ಬಿಲ್ಲು ಪೂರ್ತಿ ಕಟ್ಟಿರಬೇಕು, ಸಿಮ್ ಈ ಕಂಪನಿಗೆ ಬಂದು 90 ದಿನ ಆಗಿರಬೇಕು, ಒಪ್ಪಂದದಲ್ಲಿ ಇಷ್ಟು ತಿಂಗಳು ಬಿಡುವಂತಿಲ್ಲ ಎಂಬ ಷರತ್ತು ಬಾಕಿ ಇರಬಾರದು. ಪೋರ್ಟ್ ಆದ ಮೇಲೂ ಹಳೆಯವರ ಕೊನೆಯ ಬಿಲ್ಲು ಒಂದು ಬರ್ತದೆ. ಸಿಟ್ಟಿನಲ್ಲಿ ಅದನ್ನು ಕಟ್ಟದೆ ಬಿಡಬೇಡಿ. ಅವರು ಹೊಸ ಕಂಪನಿಗೆ ಹೇಳಿ ನಿಮ್ಮ ನಂಬರನ್ನೇ ಬಂದ್ ಮಾಡಿಸಬಹುದು.

ನಿಜವಾದ ತಲೆನೋವು ರೈಟರ್ ಹೆಸರಿನ ನಂಬರ್. ಬಿಲ್ಲು ಕಟ್ಟಿದ್ದು ನೀವೇ ಆದರೂ ಕಾಗದದಲ್ಲಿ ಅದು ಅವರದ್ದು. ಈಗಿರುವ ಕಂಪನಿಯ ಶೋರೂಮಿಗೆ ಅವರನ್ನು ಕರೆದುಕೊಂಡು ಹೋಗಿ ಪ್ಲಾಂಟಿನ ಹೆಸರಿಗೆ ವರ್ಗ ಮಾಡಿಸಿ. ಆ ಅರ್ಜಿ ಬಾಕಿ ಇರುವಾಗ ಪೋರ್ಟ್ ಆಗುವುದಿಲ್ಲ. ವರ್ಗ ಮಾಡುವಾಗ ಹೊಸ ಸಿಮ್ ಕೊಟ್ಟರೆ ಮತ್ತೆ 7 ದಿನ ಕಾಯಬೇಕು. ಬೇರೆಯವರ ಸಿಮ್ ಮಾಡಿಸಿ ನಂಬರ್ ಲಪಟಾಯಿಸುವುದು ಹೆಚ್ಚಾದ್ದರಿಂದ 2024ರ ಜುಲೈ 1ರಿಂದ ಈ ನಿಯಮ ಬಂದಿದೆ.

ಲ್ಯಾಂಡ್‌ಲೈನ್ ವಿಷಯ ಬೇರೆ. ನಮ್ಮ ದೇಶದಲ್ಲಿ ಅದು ಪೋರ್ಟ್ ಆಗುವುದಿಲ್ಲ. ನಿಮ್ಮ 0820 ನಂಬರ್ ಬಿಟ್ಟರೆ ಬಿಟ್ಟ ಹಾಗೆಯೇ. ಎರಡು ಮೂರು ತಿಂಗಳು ಇಟ್ಟುಕೊಂಡು, ಬರುವ ಕರೆಗಳನ್ನು ಮೊಬೈಲಿಗೆ ಫಾರ್ವರ್ಡ್ ಮಾಡಿ. ಆಮೇಲೆ ಬೇಡವಾದರೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ತಾರೀಕಿನ ಸೀಲು ಹಾಕಿಸಿಕೊಳ್ಳಿ. ಮೋಡೆಮ್ ವಾಪಸ್ ಕೊಟ್ಟದ್ದಕ್ಕೂ ರಶೀದಿ ಬೇಕು. ಇವೆರಡು ಇಲ್ಲದೆ ಡಿಪಾಸಿಟ್ ಕೇಳಲು ಹೋದರೆ ಓಡಾಡಿ ಸಾಕಾಗ್ತದೆ.

ಬಂದರಿನ ವ್ಯಾಪಾರಿಯೊಬ್ಬರು (ಮಂಗಳೂರು):
ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕಸ್ಟಮರ್ ಕೇರ್‌ನವರ ಮಾತು ಕೇಳಿ ಮೊದಲು ಬಂದ್ ಮಾಡಿಸಿದೆ, ಹೋದ ವಾರ. ಅಪ್ಪನ ಕಾಲದ ನಂಬರ್. ಈಗ ಏನಾದರೂ ದಾರಿ ಉಂಟಾ?

ಉತ್ತರ:
ಇವತ್ತೇ ಹೋಗಿ ಅಣ್ಣ, ನಾಳೆ ಅನ್ನಬೇಡಿ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಇನ್ನೊಬ್ಬರಿಗೆ ಕೊಡುವಂತಿಲ್ಲ. ಅಷ್ಟರೊಳಗೆ ಅದೇ ಹೆಸರಿನಲ್ಲಿ ಮತ್ತೆ ಚಾಲೂ ಮಾಡಿಕೊಡಿ ಅಂತ ಬರೆದು ಕೊಡಿ, ದೂರಿನ ನಂಬರ್ ತೆಗೆದುಕೊಳ್ಳಿ. ಕೇಳದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್‌ಗೆ ಬರೆಯುತ್ತ ಕೂರಬೇಡಿ, ಅದು ಒಬ್ಬೊಬ್ಬರ ದೂರನ್ನು ತೀರ್ಮಾನ ಮಾಡುವುದಿಲ್ಲ. ಜೊತೆಗೆ ಬ್ಯಾಂಕ್, ಜಿಎಸ್‌ಟಿ, ಮೆಸ್ಕಾಂ ಎಲ್ಲೆಲ್ಲಿ ಆ ನಂಬರ್ ಕೊಟ್ಟಿದ್ದೀರೋ ಅಲ್ಲೆಲ್ಲ ಈಗಲೇ ಬದಲಿಸಿ. ನಂಬರ್ ಕೈ ಬದಲಾದರೆ ಒಟಿಪಿ ಹೋಗುವುದು ಅವರಿಗೆ.

ಪ್ರಶ್ನೆ (ಐಸ್ ಪ್ಲಾಂಟ್ ಮಾಲೀಕರು):
ಬದುಕಿಸಿದಿರಿ ಸರ್. ಪೋರ್ಟ್ ಆಗುವಾಗ ಫೋನ್ ಎಷ್ಟು ಹೊತ್ತು ಬಂದ್ ಇರ್ತದೆ? ಗೂಗಲ್ ಪೇ, ವಾಟ್ಸಾಪ್ ಎಲ್ಲ ಅದರಲ್ಲೇ ಇದೆ.

ಉತ್ತರ:
ಹೆಚ್ಚಾಗಿ ರಾತ್ರಿ ಹೊತ್ತು, ಕೆಲವು ಗಂಟೆ. ಹಳೆಯ ಸಿಮ್‌ನಲ್ಲಿ ಸಿಗ್ನಲ್ ಪೂರ್ತಿ ಹೋದಾಗ ಹೊಸದನ್ನು ಹಾಕಿ. ವಾಟ್ಸಾಪ್ ಹಾಗೆಯೇ ಇರ್ತದೆ. ಯುಪಿಐ ಆ್ಯಪ್‌ಗಳು ಸಿಮ್ ಬದಲಾದ್ದನ್ನು ಗುರುತಿಸಿ ಮತ್ತೊಮ್ಮೆ ನೋಂದಣಿ ಕೇಳುತ್ತವೆ, ಡೆಬಿಟ್ ಕಾರ್ಡ್ ಕೈಯಲ್ಲಿರಲಿ. ನಿಮಗೆ ಆ ರಾತ್ರಿಯೇ ವ್ಯಾಪಾರ, ಹಾಗಾಗಿ ಅವಸರ ಬೇಡ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆಗ ಮಾಡಿಸಿ. ಅಲ್ಲಿವರೆಗೆ ರೈಟರ್ ಹೆಸರಿನ ಕೆಲಸ ಮುಗಿಸಿ. ಹೊಸ ಅರ್ಜಿಯಲ್ಲಿ ಜಿಎಸ್‌ಟಿ ನಂಬರ್ ಬರೆಸುವುದು ಮರೆಯಬೇಡಿ. ಬಿಲ್ಲಿನಲ್ಲಿ ಅದು ಬರದಿದ್ದರೆ 18 ಶೇಕಡಾ ತೆರಿಗೆಯ ಕ್ರೆಡಿಟ್ ಕೈತಪ್ಪುತ್ತದೆ.

ಪ್ರಶ್ನೆ (ಐಸ್ ಪ್ಲಾಂಟ್ ಮಾಲೀಕರು):
ರೈಟರಿಗೆ ಈಗಷ್ಟೇ ಫೋನ್ ಮಾಡಿದೆ, ಗುರುವಾರ ಉಡುಪಿಗೆ ಬರ್ತಾರಂತೆ. ಅವರು ಏನು ತರಬೇಕು?

ಉತ್ತರ:
ಅವರ ಆಧಾರ್, ನಿಮ್ಮ ಆಧಾರ್, ಪ್ಲಾಂಟಿನ ಜಿಎಸ್‌ಟಿ ಪ್ರಮಾಣಪತ್ರದ ಪ್ರತಿ, ಸೀಲು. ಸಿಮ್ ಇರುವ ಫೋನ್ ನೀವೇ ಹಿಡಿದುಕೊಂಡು ಹೋಗಿ, ಒಟಿಪಿ ಅದಕ್ಕೇ ಬರುವುದು. ಈ ತಿಂಗಳ ಬಿಲ್ಲನ್ನು ಬುಧವಾರವೇ ಕಟ್ಟಿಬಿಡಿ, ಬಾಕಿ ತೋರಿಸಿದರೆ ಪಾಪ ಅವರು ಕುಂದಾಪುರದಿಂದ ಇನ್ನೊಮ್ಮೆ ಬರಬೇಕಾಗ್ತದೆ.