ಸ್ಕ್ರ್ಯಾಬಲ್‌ನಲ್ಲಿ ಕ್ಯೂ ಇರುವ ಐದಕ್ಷರದ ಪದಗಳು: ಮಕ್ಕಳಿಗೆ ಕಲಿಸೋದು ಹೇಗೆ? ಅನುಭವ ಇದ್ದವರು ಹೇಳಿ

ತುಂಗಾತೀರ: ಅಕ್ಕನ ಮಗಳು ಎಂಟನೇ ಕ್ಲಾಸು, ಅಂತರಶಾಲಾ ಸ್ಕ್ರ್ಯಾಬಲ್ (ಅಕ್ಷರದ ಕಾಯಿ ಜೋಡಿಸಿ ಇಂಗ್ಲಿಷ್ ಪದ ಕಟ್ಟೋ ಆಟ) ಪಂದ್ಯಕ್ಕೆ ತಯಾರಾಗ್ತಿದ್ದಾಳೆ. ಕೈಗೆ ಕ್ಯೂ ಬಂದ್ರೆ ಗಾಬರಿ. ಐದಕ್ಷರದ ಪದಗಳ ಪಟ್ಟಿ ಕೊಟ್ಟು ಉರು ಹೊಡೆಸಲಾ, ಬೇರೆ ದಾರಿ ಇದೆಯಾ?

ಪದಬೇಟೆ: ಪಟ್ಟಿ ಕೊಡಿ, ಆದರೆ ಕ್ವೀನ್, ಕ್ವಿಕ್, ಕ್ವೆಸ್ಟ್ ಇರೋ ಪಟ್ಟಿ ಬೇಡ. ಅವು ಬಂದೇ ಬರ್ತವೆ. ಇರೋ 100 ಕಾಯಿಯಲ್ಲಿ ಯು ನಾಲ್ಕೇ, ಯಾವ ಅಕ್ಷರಕ್ಕೂ ನಡೆಯೋ ಖಾಲಿ ಕಾಯಿ ಎರಡು. ಯು ಕೈಗೆ ಸಿಗದಿದ್ದಾಗಲೇ ತೊಂದರೆ. ಹಾಗಾಗಿ ಯು ಬೇಡದ ಪದಗಳೇ ಮೊದಲು: ಫಕೀರ್ (ಎಫ್-ಎ-ಕ್ಯೂ-ಐ-ಆರ್) 17 ಅಂಕ, ನಿಕಾಬ್ (ಎನ್-ಐ-ಕ್ಯೂ-ಎ-ಬಿ) 16, ಕಿಬ್ಲಾ (ಕ್ಯೂ-ಐ-ಬಿ-ಎಲ್-ಎ) 16, ತಲಾಕ್ (ಟಿ-ಎ-ಎಲ್-ಎ-ಕ್ಯೂ) 14, ಕನಾತ್ (ಕ್ಯೂ-ಎ-ಎನ್-ಎ-ಟಿ) 14. ಇವುಗಳಲ್ಲಿ ಅರ್ಧ ನಮ್ಮ ಮಕ್ಕಳು ಕನ್ನಡ ಪೇಪರ್‌ನಲ್ಲೇ ಓದಿರ್ತಾರೆ. ಎಡವೋದು ಕ್ಯೂ ಯಾವ ಜಾಗದಲ್ಲಿ ಕೂರುತ್ತೆ ಅನ್ನೋದರಲ್ಲಿ, ಯಾಕಂದ್ರೆ ಅದು ಕಿವಿಗೆ ಸಿಗಲ್ಲ. ಬುರ್ಖಾಕ್ಕೆ ಯು ಬೇಕು, ಆದರೆ ಕ್ಯೂ ಪಕ್ಕದಲ್ಲಲ್ಲ: ಬಿ-ಯು-ಆರ್-ಕ್ಯೂ-ಎ.

ಕಾರ್ಡ್ ಮಾಡೋ ಕ್ರಮ: ಮುಂದೆ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಜೋಡಿಸಿ ಬರೀರಿ, ಹಿಂದೆ ಉತ್ತರ. ಎ-ಎಫ್-ಐ-ಕ್ಯೂ-ಆರ್ ಅಂದ್ರೆ ಫಕೀರ್. ಎಷ್ಟು ಉತ್ತರ ಇದೆ ಅಂತ ಮುಂದೆಯೇ ಬರೆಯದಿದ್ದರೆ ಮಗು ಮೊದಲನೆಯದಕ್ಕೇ ನಿಲ್ಲುತ್ತೆ. ಎ-ಐ-ಎಂ-ಕ್ಯೂ-ಯುಗೆ ಎರಡಿವೆ: ಎಂ-ಎ-ಕ್ಯೂ-ಯು-ಐ ಮತ್ತು ಯು-ಎಂ-ಐ-ಎ-ಕ್ಯೂ (ಉಮಿಯಾಕ್). ಇ-ಐ-ಪಿ-ಕ್ಯೂ-ಯುಗೂ ಎರಡು, ಇಕ್ವಿಪ್ ಮತ್ತು ಪೀಕ್ (ಪಿ-ಐ-ಕ್ಯೂ-ಯು-ಇ). ಇನ್ನೊಂದು, ಬರೀ ಕ್ಯೂ ಕಾರ್ಡ್‌ಗಳ ಕಟ್ಟು ಮಾಡಬೇಡಿ. ಜೆ, ಎಕ್ಸ್, ಝಡ್ ಕಾರ್ಡ್ ಬೆರೆಸಿ. ಎಲ್ಲದರಲ್ಲೂ ಕ್ಯೂ ಇದ್ದರೆ ಪದ ಹುಡುಕೋ ಅಭ್ಯಾಸ ಆಗಲ್ಲ, ಕಟ್ಟಿನ ಅನುಕ್ರಮ ಬಾಯಿಪಾಠ ಆಗುತ್ತೆ ಅಷ್ಟೇ.

ಎರಡಕ್ಷರ: ಐದಕ್ಷರದಿಂದ ಶುರು ಮಾಡೋದೇ ತಪ್ಪು. ಕ್ಯೂ-ಐ ಅನ್ನೋ ಎರಡಕ್ಷರದ ಪದ ಸಾಕು. ಮೂರು ಪಟ್ಟು ಅಕ್ಷರದ ಚೌಕದಲ್ಲಿ ಕ್ಯೂ ಇಟ್ಟು, ಬಲಕ್ಕೊಂದು ಐ ಕೆಳಕ್ಕೊಂದು ಐ ಸಿಕ್ಕಿತೋ, 31 ಮತ್ತೆ 31, ಒಟ್ಟು 62. ಐದಕ್ಷರ ಹುಡುಕ್ತಾ ಕೂತ್ರೆ ಕೊನೆಗೆ ಕ್ಯೂ ಕೈಯಲ್ಲೇ ಉಳಿಯುತ್ತೆ. ನಮಗೆ 10 ಕಳೆಯುತ್ತೆ, ಎದುರಾಳಿಗೆ 10 ಸೇರುತ್ತೆ, 20ರ ಅಂತರ. ಬದಲಾಯಿಸೋಣ ಅಂದ್ರೆ ಚೀಲದಲ್ಲಿ ಏಳು ಕಾಯಿಯಾದರೂ ಇರಬೇಕು. ಟೂರ್ನಿಯಲ್ಲಿ ಒಬ್ಬೊಬ್ಬರಿಗೆ 25 ನಿಮಿಷ, ಮೀರಿದ ಪ್ರತಿ ನಿಮಿಷಕ್ಕೂ ಮತ್ತೆ 10 ಅಂಕ ಹೋಗುತ್ತೆ.

ಪದಬೇಟೆ: ಅವರು ಕೇಳಿದ್ದು ಐದಕ್ಷರ ಸಾರ್. ಆಟದ ಮೊದಲ ಪದದ ಲೆಕ್ಕ ಹಾಕಿದ್ದೀರಾ? ನಡುವಿನ ಸಾಲಲ್ಲಿ ಮೊದಲ ಪದ ಹಾಯಲೇಬೇಕಾದ ನಕ್ಷತ್ರದ ಮನೆ 8ನೆಯದು, ಎರಡು ಪಟ್ಟು ಅಕ್ಷರದ ಮನೆಗಳು 4 ಮತ್ತು 12ನೆಯವು. 4ರಿಂದ 8ರವರೆಗೆ ಸರಿಯಾಗಿ ಐದು ಮನೆ. ಕಿಬ್ಲಾವನ್ನು 4ರಿಂದ ಶುರು ಮಾಡಿ: ಕ್ಯೂಗೆ 20, ಉಳಿದವು 6, ಒಟ್ಟು 26, ನಕ್ಷತ್ರಕ್ಕೆ ಇಮ್ಮಡಿ, 52. ತಲಾಕ್ ಪದಕ್ಕೆ ಕ್ಯೂ ಕೊನೆಯಲ್ಲಿ, ಅದನ್ನು 8ರಿಂದ 12ಕ್ಕೆ ಇಡಿ, 48. ನಾಲ್ಕಕ್ಷರದ ಪದ ಆ ಮನೆ ಮುಟ್ಟೋದೇ ಇಲ್ಲ. ನಿಮ್ಮ ಕ್ಯೂ-ಐ ಮೊದಲ ಪದವಾದರೆ 22.

ಎರಡಕ್ಷರ: ಮೊದಲ ಕೈಯಲ್ಲೇ ಆ ಐದೂ ಅಕ್ಷರ ಬರೋದು ಯಾವಾಗ? ಬಾರದ ಕೈಗೆ ಪಾಠ ಮಾಡಿ ಏನು ಪ್ರಯೋಜನ?

ಕೊಕ್ಕೆ: ಇಬ್ಬರೂ ಬೋರ್ಡ್ ಮೇಲೆ ಬಿದ್ದಿರೋ ಪದವನ್ನೇ ಮರೆತ್ರಿ. ಕ್ವಿಪ್ ಮುಂದೆ ಇ ಸೇರಿಸಿದರೆ ಇಕ್ವಿಪ್, ಹಿಂದೆ ಯು ಸೇರಿಸಿದರೆ ಕ್ವಿಪು. ಕ್ವಿಡ್, ಕ್ವಾಡ್ ಮುಂದೆ ಎಸ್ ಇಟ್ರೆ ಸ್ಕ್ವಿಡ್, ಸ್ಕ್ವಾಡ್. ಕ್ವಿಟ್ ಹಿಂದೆ ಇ ಇಟ್ರೆ ಕ್ವೈಟ್. ನಾಲ್ಕಕ್ಕೆ ಒಂದು ಸೇರಿಸಿ ಐದು ಮಾಡೋದನ್ನು ಕಲಿಸಿ. ಕ್ಯೂ ಇಟ್ಟವರು ಎದುರಾಳಿ, ಅದರ 10 ಅಂಕ ನಿಮಗೂ ಬರುತ್ತೆ.

ಬೀದರ್ ಮಂದಿ: ಅರ್ಥ ಇಲ್ಲದೆ ಉರು ಹೊಡೆಸಬ್ಯಾಡ್ರಿ. ಕನಾತ್ ಅಂದ್ರ ನೆಲದಾಗ ಸುರಂಗ ಹೊಡೆದು ನೀರು ತರೋ ಇರಾನಿನ ಪದ್ಧತಿ. ಬೀದರ್ ನೌಬಾದ್‌ನ್ಯಾಗ ಬಹಮನಿ ಕಾಲದ್ದು ಐತಿ, ಸುರಂಗ ಬಾವಿ ಅಂತಾರ, ಕರೇಜ್ ಅಂತನೂ ಅಂತಾರ. ಅದನ್ನ ತೋರಿಸಿದ್ರ ಆ ಪದ ಹುಡುಗಿ ಮರೆಯಂಗಿಲ್ಲ. ಕ್ವಿಪು ಅಂದ್ರ ಇಂಕಾ ಮಂದಿ ಲೆಕ್ಕಕ್ಕ ಗಂಟು ಹಾಕ್ತಿದ್ದ ಹಗ್ಗ. ಉಮಿಯಾಕ್ ಅಂದ್ರ ಇನ್ಯೂಟ್ ಮಂದಿಯ ಚರ್ಮದ ದೋಣಿ.

ಪದಬೇಟೆ: ಅರ್ಥಕ್ಕೆ ಅಂಕ ಇಲ್ಲ. ನ್ಯೂಜಿಲೆಂಡ್‌ನ ನೈಜಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆ, ಪದ ಮಾತ್ರ ಕಂಠಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು.

ಬೀದರ್ ಮಂದಿ: ಅಂಥವರು ಜಗತ್ತಿಗೊಬ್ರು. ನೀವು ಮಾತಾಡ್ಲಿಕ್ಕತ್ತಿದ್ದು ಎಂಟನೇ ಕ್ಲಾಸಿನ ಹುಡುಗಿ ಬಗ್ಗೆ. ಸ್ವಲ್ಪ ತಿಳದು ಮಾತಾಡ್ರಿ.

ಕೊಕ್ಕೆ: ಇಬ್ಬರೂ ನಿಲ್ಲಿಸಿ. ಪಂದ್ಯದಲ್ಲಿ ಯಾವ ಪದಪಟ್ಟಿ ಒಪ್ತಾರೆ ಅಂತ ಯಾರೂ ಕೇಳಲೇ ಇಲ್ಲ. ನಮ್ಮ ಟೂರ್ನಿಗಳಲ್ಲಿ ಕಾಲಿನ್ಸ್ ನಿಘಂಟಿನವರ ಪಟ್ಟಿ. ಫೋನಿನ ಎಷ್ಟೋ ಆಟಗಳು ಅಮೆರಿಕದ ಪಟ್ಟಿ ಇಟ್ಟಿರ್ತವೆ. ಅಲ್ಲಿ ಕ್ಯೂ-ಐ ಬಂದದ್ದೇ 2006ರಲ್ಲಿ, ಕಾಲಿನ್ಸ್‌ನ ಝಡ್-ಒ ಇವತ್ತಿಗೂ ಇಲ್ಲ. ಚಾಲೆಂಜ್ ನಿಯಮವೂ ಬೇರೆ: ಸರಿಯಿದ್ದ ಪದವನ್ನು ತಪ್ಪು ಅಂದರೆ ಅಮೆರಿಕದಲ್ಲಿ ನಿಮ್ಮ ಸರದಿಯೇ ಹೋಗುತ್ತೆ, ಕಾಲಿನ್ಸ್ ಟೂರ್ನಿಗಳಲ್ಲಿ ಸಾಮಾನ್ಯವಾಗಿ 5 ಅಂಕ. ಶಾಲಾ ಪಂದ್ಯ ನಡೆಸೋರನ್ನ ಮೊದಲು ಕೇಳಿ, ಆಮೇಲೆ ಕಾರ್ಡ್ ಬರೀರಿ.

ಎರಡಕ್ಷರ: ಕಾಲಿನ್ಸ್ ಅಂದ್ರೆ ಏನು ಬೇಕಾದ್ರೂ ನಡೆಯುತ್ತೆ ಅಂತಾಯ್ತು. ಕುರ್ಮಾಕ್ಕೂ ಕ್ಯೂ ಹಾಕಿ ಆಡ್ತಾರೆ!

ಕೊಕ್ಕೆ: ಆಡ್ತಾರೆ, ಕಾಲಿನ್ಸ್‌ನಲ್ಲಿದೆ. ಕ್ಯೂ-ಒ-ಆರ್-ಎಂ-ಎ, 16 ಅಂಕ. ಕೆ ಹಾಕಿ ಬರೆದದ್ದೂ ಇದೆ, 11 ಅಂಕ. ಎರಡೂ ಕೈಯಲ್ಲಿದ್ದರೆ ಕ್ಯೂ ಹಾಕಿ, ಕೆ ಉಳಿಸಿಕೊಳ್ಳಿ. ಕೆಗೆ ಮುಂದೆಯೂ ಜಾಗ ಸಿಗುತ್ತೆ.

ತುಂಗಾತೀರ: ಕಾಲಿನ್ಸ್ ಅಂತೆ, ಈಗಷ್ಟೇ ವಿಚಾರಿಸಿದೆ. ಕಾರ್ಡ್ ಹಿಂದೆ ಒಂದು ಸಾಲಿನ ಅರ್ಥವನ್ನೂ ಬರೀತೀನಿ. ಜೆ ಪದಗಳನ್ನೂ ಬೆರೆಸಬೇಕಲ್ಲ, ಐದಕ್ಷರದವು ಯಾವುವು ಕೊಡಲಿ?