ಅರೆಪಾರದರ್ಶಕ ಬಣ್ಣಕ್ಕೆ ಸಮನಾದ ಗಟ್ಟಿ ಬಣ್ಣ ಕಂಡುಹಿಡಿಯೋದು ಹೇಗೆ? (ನಕ್ಷೆ ಪ್ರಿಂಟಿಗೆ)

ತುಂಗಾತೀರ:
ಶಿವಮೊಗ್ಗ ಜಿಲ್ಲೆಯದ್ದು ಒಂದು ಗೋಡೆ ನಕ್ಷೆ ಮಾಡ್ತಾ ಇದ್ದೇನೆ, ಕ್ಯೂಜಿಐಎಸ್‌ನಲ್ಲಿ (ನಕ್ಷೆ ಮಾಡುವ ಸಾಫ್ಟ್‌ವೇರ್), ಎ2 ಅಳತೆ. ಹಿನ್ನೆಲೆ ಕೆನೆ ಬಣ್ಣ (255, 248, 225; ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿಯ ಬೆಲೆಗಳು). ಅದರ ಮೇಲೆ ಕಾಡಿನ ಹಸಿರು (46, 125, 50), ಒಪ್ಯಾಸಿಟಿ (ಬಣ್ಣ ಎಷ್ಟು ಗಟ್ಟಿ ಅನ್ನೋದು) ಶೇ. 60. ಶೆಟ್ಟಿಹಳ್ಳಿ ಅಭಯಾರಣ್ಯಕ್ಕೆ ಕಿತ್ತಳೆ (230, 126, 34), ಅದಕ್ಕೆ ಶೇ. 30. ನದಿಗಳ ನೀಲಿಯೂ ಅರೆಪಾರದರ್ಶಕ. ಪ್ರೆಸ್ಸಿನವರು ಪಿಡಿಎಫ್ ಎಕ್ಸ್-1ಎ (ಮುದ್ರಣಕ್ಕೆಂದೇ ಇರುವ ಪಿಡಿಎಫ್ ಮಾದರಿ) ಕೇಳಿದ್ದಾರೆ, ಅದರಲ್ಲಿ ಟ್ರಾನ್ಸ್‌ಪರೆನ್ಸಿ (ಪಾರದರ್ಶಕತೆ) ಇರುವಂತಿಲ್ಲ. ಒಪ್ಯಾಸಿಟಿ 100 ಮಾಡಿದರೆ ಹಸಿರು ಎಷ್ಟು ಗಾಢವಾಗುತ್ತದೆ ಅಂದ್ರೆ ಊರಿನ ಹೆಸರೇ ಓದೋಕಾಗಲ್ಲ. ಈಗ ಸ್ಕ್ರೀನ್ ಮೇಲೆ ಕಾಣುವ ಬಣ್ಣವೇ ಬೇಕು, ಆದರೆ ಗಟ್ಟಿಯಾಗಿ. ಲೆಕ್ಕ ಇದೆಯಾ?

ಕೂಡ್ಲಿ_ಪಿಕ್ಸೆಲ್:
ಇದೆ, ಸುಲಭದ್ದೇ. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆಯಾಗಿ ಮಾಡಿ:

ಹೊಸ ಬೆಲೆ = ಮೇಲಿನದು × ಒಪ್ಯಾಸಿಟಿ + ಕೆಳಗಿನದು × (1 − ಒಪ್ಯಾಸಿಟಿ)

ನಿಮ್ಮ ಕಾಡಿಗೆ (ಶೇ. 60 ಅಂದರೆ 0.6): ಕೆಂಪು 46 × 0.6 + 255 × 0.4 = 129.6. ಹಸಿರು 125 × 0.6 + 248 × 0.4 = 174.2. ನೀಲಿ 50 × 0.6 + 225 × 0.4 = 120. ಅಂದರೆ (130, 174, 120). ಇದೇ ಕಾಡು ಬಿಳಿ ಹಾಳೆ ಮೇಲಿದ್ದಿದ್ದರೆ (130, 177, 132) ಬರುತ್ತಿತ್ತು. ಹಿನ್ನೆಲೆ ಗೊತ್ತಿಲ್ಲದೆ ಗಟ್ಟಿ ಬಣ್ಣ ಅನ್ನೋದೇ ಇಲ್ಲ, ಹಿನ್ನೆಲೆ ಬದಲಾದರೆ ಉತ್ತರವೂ ಬದಲು. 1984ರಲ್ಲಿ ಪೋರ್ಟರ್ ಮತ್ತು ಡಫ್ ಬರೆದ ಪ್ರಬಂಧದಲ್ಲಿ ಚಿತ್ರದ ಮೇಲೆ ಚಿತ್ರ ಕೂಡಿಸುವ ವಿಧಾನಗಳಿವೆ, ಇದು ಅದರಲ್ಲಿ ಒಂದು. ಮೊದಲು ಆರ್‌ಜಿಬಿಯಲ್ಲೇ ಲೆಕ್ಕ ಮುಗಿಸಿ, ಆಮೇಲೆ ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ಪದ್ಧತಿ) ಬದಲಿಸಿ.

ಸಾಗರದ_ನಕ್ಷೆಗಾರ:
ಮೇಲಿನ ಲೆಕ್ಕ ಸರಿ, ಆದರೆ ಅಭಯಾರಣ್ಯಕ್ಕೆ ಒಂದೇ ಬಣ್ಣ ಸಾಲಲ್ಲ ಮಾರಾಯ್ರೇ. ಶೆಟ್ಟಿಹಳ್ಳಿಯ ಗಡಿಯೊಳಗೆ ಕಾಡೂ ಇದೆ, ಬಯಲೂ ಇದೆ. ಬರೀ ಕೆನೆ ಮೇಲೆ ನಿಮ್ಮ ಕಿತ್ತಳೆ (248, 211, 168) ಆಗುತ್ತದೆ, ಕಾಡಿನ ಮೇಲೆ ಬಿದ್ದಾಗ (160, 160, 94). ಎರಡು ಪೂರ್ತಿ ಬೇರೆ ಬಣ್ಣ. ಲೇಯರ್ (ಪದರ) ಒಂದೇ ಇಟ್ಟು ಗಟ್ಟಿ ಕಿತ್ತಳೆ ತುಂಬಿದರೆ ಅದರಡಿಯ ಕಾಡು ಸುಮ್ನೆ ಮಾಯವಾಗುತ್ತದೆ. ಹಾಗಾಗಿ ಕ್ಯೂಜಿಐಎಸ್‌ನ ಇಂಟರ್‌ಸೆಕ್ಷನ್ ಸಾಧನ ಬಳಸಿ ಎರಡೂ ಸೇರುವ ಭಾಗವನ್ನು ಬೇರೆ ಪಾಲಿಗನ್ (ಬಹುಭುಜ ಆಕೃತಿ) ಮಾಡಿ, ಡಿಫರೆನ್ಸ್ ಬಳಸಿ ಉಳಿದದ್ದನ್ನು ಇನ್ನೊಂದು ಮಾಡಿ, ಎರಡಕ್ಕೂ ಅದರದರ ಬಣ್ಣ ಕೊಡಿ. ಲೆಕ್ಕ ಯಾವಾಗಲೂ ಕೆಳಗಿನ ಲೇಯರಿನಿಂದ ಮೇಲಕ್ಕೆ.

ಇನ್ನೊಂದು ಕೇಳಬೇಕಿತ್ತು, ಹಿಲ್‌ಶೇಡ್ (ಬೆಟ್ಟಗಳ ಉಬ್ಬುತಗ್ಗು ತೋರಿಸುವ ನೆರಳು) ಹಾಕಿದ್ದೀರಾ? ಯಾವುದಾದರೂ ಲೇಯರಿಗೆ ಮಲ್ಟಿಪ್ಲೈ ಮೋಡ್ (ಬಣ್ಣಗಳನ್ನು ಗುಣಿಸಿ ಬೆರೆಸುವ ರೀತಿ) ಇದೆಯಾ? ಇದ್ದರೆ ಈ ಸೂತ್ರ ನಡೆಯಲ್ಲ, ಅಲ್ಲಿ ಎರಡು ಬೆಲೆಗಳನ್ನು ಗುಣಿಸಿ 255ರಿಂದ ಭಾಗಿಸಬೇಕು.

ತುಂಗಾತೀರ:
ಇಬ್ಬರಿಗೂ ಧನ್ಯವಾದ, ಕಾಡಿನ ಬಣ್ಣ ಹಾಕಿ ನೋಡಿದೆ, ಹಳೆಯದಕ್ಕೆ ಸರಿಯಾಗಿ ಹೊಂದುತ್ತದೆ. ಮಲ್ಟಿಪ್ಲೈ ಇಲ್ಲ. ಹಿಲ್‌ಶೇಡ್ ಇದೆ, ಕಾಡಿನ ಅಡಿಯಲ್ಲೇ, ಘಟ್ಟದ ಕಡೆ ಮಾತ್ರ. ಅದನ್ನು ತೆಗೆದರೆ ಆಗುಂಬೆ, ಕೊಡಚಾದ್ರಿ ಎಲ್ಲ ಚಪ್ಪಟೆ ಕಾಣುತ್ತವೆ, ಬಿಡೋಕೆ ಮನಸ್ಸಿಲ್ಲ.

ಸಾಗರದ_ನಕ್ಷೆಗಾರ:
ಬಿಡಬೇಡಿ, ಘಟ್ಟದ ನಕ್ಷೆಗೆ ಅದೇ ಜೀವ. ಆದರೆ ಹಿಲ್‌ಶೇಡ್ ಪ್ರತಿ ಪಿಕ್ಸೆಲ್‌ಗೂ ಬೇರೆ, ಆದ್ದರಿಂದ ಮೇಲಿನ ಹಸಿರಿಗೆ ಒಂದೇ ಗಟ್ಟಿ ಬಣ್ಣ ಸಿಗೋದಿಲ್ಲ. ಕೆನೆ, ಹಿಲ್‌ಶೇಡ್, ಕಾಡು, ಅಭಯಾರಣ್ಯ ಈ ನಾಲ್ಕನ್ನೂ ಮೊದಲಿದ್ದ ಒಪ್ಯಾಸಿಟಿಯಲ್ಲೇ ಒಟ್ಟಿಗೆ ಒಂದು ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿ. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಎ2 ಅಂದರೆ 4961 × 7016 ಪಿಕ್ಸೆಲ್. ಪಾಲಿಗನ್ ಕತ್ತರಿಸುವ ಕೆಲಸವೂ ತಪ್ಪಿತು. ರಸ್ತೆ, ನದಿ, ಊರಿನ ಹೆಸರು ಮಾತ್ರ ವೆಕ್ಟರ್ (ಪಿಕ್ಸೆಲ್ ಅಲ್ಲದ, ಗೆರೆಗಳ ರೂಪ) ಆಗಿಯೇ ಅದರ ಮೇಲಿರಲಿ, ಇಲ್ಲದಿದ್ದರೆ ಸಣ್ಣ ಅಕ್ಷರಗಳ ಅಂಚು ಒಡೆದ ಹಾಗೆ ಕಾಣುತ್ತದೆ.

ಕೂಡ್ಲಿ_ಪಿಕ್ಸೆಲ್:
ಹೌದು, ಇದೇ ಸರಿ. ನದಿಗೆ ಮಾತ್ರ ಲೆಕ್ಕ ಹಾಕೋಕೆ ಹೋಗಬೇಡಿ. ಕಾಡಿನೊಳಗೆ ಒಂದು ನೀಲಿ, ಬಯಲಿನಲ್ಲಿ ಇನ್ನೊಂದು ನೀಲಿ ಆದರೆ ಅದೇ ತುಂಗೆ ಎರಡು ನದಿಯ ಹಾಗೆ ಕಾಣುತ್ತಾಳೆ. ಒಂದೇ ಗಟ್ಟಿ ನೀಲಿ ಕೊಡಿ, ಹಸಿರಿನ ಮೇಲೂ ಎದ್ದು ಕಾಣುವಂಥದ್ದು. ಆಗ ಕೂಡ್ಲಿಯಲ್ಲಿ ತುಂಗಾ, ಭದ್ರಾ ಗೆರೆಗಳು ಒಂದರ ಮೇಲೊಂದು ಬಿದ್ದು ಈಗ ಗಾಢವಾಗಿ ಕಾಣುತ್ತಿರಬಹುದಾದ ಮಚ್ಚೆಯೂ ಹೋಗುತ್ತದೆ.