ಎರಡಡಿ ಟ್ಯಾಂಕ್, ಮೊದಲ ಸಲ ಮೀನು: ಗೊತ್ತಿರುವವರು ದಯವಿಟ್ಟು ಹೇಳಿ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಮಗಳಿಗೋಸ್ಕರ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ತರೋಣ ಅಂತಿದ್ದೇವೆ. ನಲ್ಲಿಯಲ್ಲಿ ಕಾವೇರಿ ನೀರು ಬರುತ್ತೆ, ಬೋರ್ ಕೂಡ ಇದೆ. ಅವಳಿಗೆ ಗೋಲ್ಡ್‌ಫಿಶ್ಶೇ ಬೇಕಂತೆ. ತಂದ ದಿನವೇ ಮೀನು ಬಿಟ್ಟರೆ ವಾರದೊಳಗೆ ಸಾಯುತ್ತವೆ ಅಂತ ಅಕ್ಕಪಕ್ಕದವರು ಹೆದರಿಸ್ತಿದ್ದಾರೆ. ನಿಜವಾ?

ಸರಸ್ವತಿಪುರಂನಿಂದ: ನಿಜ ಮೇಡಂ. ಆದರೆ ಹೆದರೋದು ಬೇಡ, ಕಾರಣ ತಿಳಿದುಕೊಂಡರೆ ಸಾಕು. ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ ಎರಡೂ ಕೊಳೆತು ಅಮೋನಿಯಾ ಆಗುತ್ತೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತೆ. ಮೊದಲ ಎರಡೂ ಮೀನಿಗೆ ವಿಷ, ಮೂರನೆಯದು ಮಿತಿಯಲ್ಲಿದ್ದರೆ ತೊಂದರೆಯಿಲ್ಲ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರೋದೇ ಇಲ್ಲ. ಅದಕ್ಕೇ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತೆ, ಕಿವಿರು ಕೆಂಪಾಗುತ್ತೆ.

ಹೀಗೆ ಮಾಡಿ: ಟ್ಯಾಂಕ್ ತುಂಬಿಸಿ, ಫಿಲ್ಟರ್ ಹಗಲೂ ರಾತ್ರಿ ಓಡಲಿ. ಮೀನಿಲ್ಲದಿದ್ದರೂ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತರೆ ಬ್ಯಾಕ್ಟೀರಿಯಾಕ್ಕೆ ಊಟ. ನಾಲ್ಕರಿಂದ ಆರು ವಾರ ಹಿಡಿಯುತ್ತೆ. ನೀರು ಪರೀಕ್ಷಿಸೋ ಟೆಸ್ಟ್ ಕಿಟ್ ಕೊಳ್ಳಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಕಾಣ್ತಿದೆ ಅಂದರೆ ಟ್ಯಾಂಕ್ ಸಿದ್ಧ. ಪರಿಚಯದವರ ಹಳೇ ಟ್ಯಾಂಕಿನಲ್ಲಿ ಮೀನು ಆರೋಗ್ಯವಾಗಿದ್ದರೆ, ಅಲ್ಲಿ ಓಡ್ತಿರೋ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ. ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿಕೊಂಡು ತಂದು ನಿಮ್ಮ ಫಿಲ್ಟರಿಗೆ ಸೇರಿಸಿದರೆ ಕಾಯೋ ದಿನ ಎಷ್ಟೋ ಕಮ್ಮಿಯಾಗುತ್ತೆ. ದಾರಿಯಲ್ಲಿ ಅದು ಒಣಗಬಾರದು.

ಮಂಡ್ಯದಿಂದ: ನೀರಿನ ವಿಷಯ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಮೀನಿಗೂ ಕೆಟ್ಟದ್ದು, ಮೇಲೆ ಹೇಳಿದ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು. ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಡಿ, ಇಲ್ಲವೇ ಕ್ಲೋರಿನ್ ತೆಗೆಯೋ ಆಂಟಿಕ್ಲೋರ್ ಹನಿಯನ್ನು ಬಾಟಲಿ ಮೇಲೆ ಬರೆದಷ್ಟೇ ಹಾಕಿ. ಬೋರ್ ನೀರು ಗಡಸು ಅಂತ ಬಿಡಬೇಕಿಲ್ಲ. ಗಪ್ಪಿ, ಮೊಲ್ಲಿ, ಪ್ಲಾಟಿ ಥರದ ಚಿಕ್ಕ ಮೀನಿಗೆ ಗಡಸು ನೀರೇ ಇಷ್ಟ. ಒಂದು ರಾತ್ರಿ ಏರ್ ಸ್ಟೋನ್ (ಏರ್ ಪಂಪಿಗೆ ಜೋಡಿಸಿದರೆ ಗಾಳಿ ಗುಳ್ಳೆ ಬಿಡೋ ಕಲ್ಲು) ಹಾಕಿಟ್ಟು ಬಳಸಿ. ಬರೀ ಆರ್‌ಓ ನೀರು ಮಾತ್ರ ತುಂಬಬೇಡಿ, ಅದರಲ್ಲಿ ಖನಿಜಾಂಶವೇ ಇರಲ್ಲ. ಯಾವ ನೀರಿನಲ್ಲಿ ಶುರು ಮಾಡ್ತೀರೋ ಅದನ್ನೇ ಮುಂದುವರಿಸಿ. ಈ ವಾರ ಕಾವೇರಿ, ಮುಂದಿನ ವಾರ ಬೋರ್ ಅಂತ ಬದಲಾಯಿಸಿದರೆ ಮೀನು ತಡೆಯಲ್ಲ.

ಮೈಸೂರು, ವಿಜಯನಗರದಿಂದ: ಆ ಅಳತೆಗೆ ಸುಮಾರು 56 ಲೀಟರ್. ಮರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ 45 ಲೀಟರ್ ನೀರು. ಗಾಜು, ಮರಳು ಸೇರಿದರೆ 60 ಕೆ.ಜಿ. ದಾಟುತ್ತೆ, ಟೀಪಾಯಿ ಮೇಲೆ ಇಡಬೇಡಿ. ಸಮತಟ್ಟಾದ ಗಟ್ಟಿ ಸ್ಟ್ಯಾಂಡ್, ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ. ಕಿಟಕಿ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತೆ. ಲೈಟು 6ರಿಂದ 8 ಗಂಟೆ ಸಾಕು. ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ತಗೊಳ್ಳಿ, ಹೊಸಬರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲಾಂದ್ರೆ ಕರೆಂಟ್ ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಬಂದು ಪಂಪಿನೊಳಗೆ ಇಳಿಯುತ್ತೆ. ಡಿಸೆಂಬರ್, ಜನವರಿಯಲ್ಲಿ ನಮ್ಮೂರಲ್ಲಿ ರಾತ್ರಿ ಚಳಿ, ಗಪ್ಪಿ ಥರದ ಮೀನಿಗೆ ನೀರು 24ರಿಂದ 28 ಡಿಗ್ರಿ ಇರಬೇಕು. 50 ವಾಟಿನ ಹೀಟರ್ ಸಾಕಾಗುತ್ತೆ. ನೀರು ತೆಗೆಯುವಾಗ ಅದರ ಸ್ವಿಚ್ ಆರಿಸಿರಬೇಕು.

ಶ್ರೀರಂಗಪಟ್ಟಣದಿಂದ: ಮಗುವಿಗೆ ಬೇಜಾರಾಗಬಹುದು, ಆದರೂ ಈ ಟ್ಯಾಂಕಿಗೆ ಗೋಲ್ಡ್‌ಫಿಶ್ ಬೇಡ. ಅಂಗಡಿಯಲ್ಲಿ ಎರಡಿಂಚು ಇರುತ್ತೆ, ಚೆನ್ನಾಗಿ ಸಾಕಿದರೆ ಅಂಗೈಗಿಂತ ದೊಡ್ಡದಾಗುತ್ತೆ, ಹೊಲಸೂ ಜಾಸ್ತಿ. ಆರು ಗಂಡು ಗಪ್ಪಿ ಬಿಡಿ. ಬಾಲ ಬೀಸಿಕೊಂಡು ಟ್ಯಾಂಕ್ ತುಂಬಾ ಓಡಾಡ್ತಾವೆ, ಒಂದೊಂದರ ಬಣ್ಣ ಒಂದೊಂದು ಥರ, ಮಗಳು ಒಂದೊಂದಕ್ಕೂ ಹೆಸರಿಡಬಹುದು! ಹೆಣ್ಣು ಸೇರಿಸಿದರೆ ತಿಂಗಳಿಗೊಂದು ಸಲ ಮರಿ ಹಾಕ್ತಾವೆ, ಜಾಗ ಸಾಲಲ್ಲ. ಮೊದಲು ಮೂರು ಬಿಡಿ, ಎರಡು ವಾರ ಬಿಟ್ಟು ಇನ್ನು ಮೂರು. ಪ್ಯಾಕೆಟ್ಟನ್ನು 20 ನಿಮಿಷ ತೇಲಿಬಿಟ್ಟು, ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟದಂತೆ ಟ್ಯಾಂಕಿನ ನೀರು ಬೆರೆಸಿ. ಬಲೆಯಲ್ಲಿ ಮೀನು ಎತ್ತಿ ಬಿಡಿ, ಪ್ಯಾಕೆಟ್ ನೀರು ಒಳಗೆ ಹೋಗಬಾರದು. ‘ಪಾಚಿ ತಿನ್ನುತ್ತೆ’ ಅಂತ ಸಕ್ಕರ್ ಮೀನು ಕೊಟ್ಟರೆ ಬೇಡ ಅನ್ನಿ, ಅದು ಒಂದಡಿ ಬೆಳೆಯುತ್ತೆ. ಬೆಳೆದದ್ದನ್ನು ಕೆರೆಗೋ ನಾಲೆಗೋ ಬಿಟ್ಟರೆ ನಮ್ಮ ಊರ ಮೀನಿಗೇ ಕುತ್ತು.

ಮಂಡ್ಯದಿಂದ ಇನ್ನೊಬ್ಬರು: ಟ್ಯಾಂಕ್ ಇರೋ ಕೋಣೆಯಲ್ಲಿ ಸೊಳ್ಳೆ, ಜಿರಳೆ ಸ್ಪ್ರೇ ಹೊಡೆಯಲೇಬೇಡಿ. ಏರ್ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಊದುತ್ತೆ.

ಸರಸ್ವತಿಪುರಂನಿಂದ: ವಾರಕ್ಕೊಂದು ಸಲ ಹತ್ತು ಲೀಟರ್ ತೆಗೆದು, ಮೇಲೆ ಮಂಡ್ಯದವರು ಹೇಳಿದ ಹಾಗೆ ಹದ ಮಾಡಿದ ನೀರು ಅಷ್ಟೇ ಹಾಕಿ. ತೆಗೆದ ನೀರು ಮಲ್ಲಿಗೆ ಗಿಡಕ್ಕೆ ಒಳ್ಳೇ ಗೊಬ್ಬರ. ಸ್ಪಂಜನ್ನು ಆ ತೆಗೆದ ನೀರಲ್ಲೇ ಹಿಂಡಿ, ನಲ್ಲಿ ಕೆಳಗೆ ತೊಳೆದರೆ ಬೆಳೆಸಿದ ಬ್ಯಾಕ್ಟೀರಿಯಾ ಹೋಯ್ತು. ಊಟ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು, ದಿನಕ್ಕೆ ಒಂದೋ ಎರಡೋ ಸಲ. ಮನೆಯಲ್ಲಿ ಒಬ್ಬರೇ ಹಾಕಲಿ, ನಾಲ್ವರು ಹಾಕಿದರೆ ಕಷ್ಟ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಟ್ಯಾಂಕ್ ತುಂಬಿಸಿ ಐದು ದಿನ ಆಯ್ತು, ಮೀನು ಬಿಟ್ಟಿಲ್ಲ. ಆದರೆ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದೆ. ಚೆಲ್ಲಿ ಹೊಸ ನೀರು ಹಾಕಲಾ?

ಸರಸ್ವತಿಪುರಂನಿಂದ: ಚೆಲ್ಲಬೇಡಿ ಮೇಡಂ, ಚೆಲ್ಲಿದರೆ ಮತ್ತೆ ಮೊದಲಿಂದ ಕಾಯಬೇಕು. ನೀರಲ್ಲಿ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದಾಗ ಹಾಗೆ ಕಾಣುತ್ತೆ. ಚಿಟಿಕೆ ಆಹಾರವನ್ನು ಅರ್ಧ ಮಾಡಿ, ಗಾಳಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನೇ ತಿಳಿಯಾಗುತ್ತೆ.